ಅಡುಗೆಮನೆಗೆ ರೆಗ್ಯುಲೇಟರ್ ಬೇಡ

ಅಡುಗೆಮನೆಯ ರೆಗ್ಯುಲೇಟರನ್ನು ಕರಿಬಸಪ್ಪನವರು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. ಕಿರಿಯ ಸೊಸೆ ಹೇಮಾವತಿಯ ಕೋಣೆಯದನ್ನು ಹಾಗೆಯೇ ಬಿಟ್ಟರು.

ನಕ್ಷೆ ಸಿಮೆಂಟಿನ ಚೀಲಗಳ ಮೇಲೆ ಹರಡಿತ್ತು. ಗಾಳಿಗೆ ಹಾರದಂತೆ ಮೂಲೆಗಳ ಮೇಲೆ ಇಟ್ಟಿಗೆ ಚೂರು ಇಟ್ಟಿದ್ದರು. ಎಲೆಕ್ಟ್ರಿಶನ್ ವಾಹೀದ ಮೊಣಕಾಲೂರಿ ಕೂತು, ಇನ್ನೂ ಗಿಲಾವು ಕಾಣದ ಮನೆಯ ಒಂದೊಂದೇ ಕೋಣೆಯನ್ನು ಬೆರಳಿನಿಂದ ತೋರಿಸುತ್ತಿದ್ದ. “ಹಾಲಿನ್ಯಾಗ ನಾಕು ಸ್ಪೀಕರ್ ರೀ ಸಾವ್ಕಾರ್ರ. ದೇವರ ಮನ್ಯಾಗ ಒಂದು. ಅಡಿಗಿಮನಿ, ಅದರ ಬಾಜೂಕಿನ ಕಲ್ಲೇಶಣ್ಣಾರ ರೂಮು ಎರಡೂ ಒಂದ ಲೈನು. ಮ್ಯಾಲೆ ಶಾಂತಕುಮಾರಣ್ಣಾರ ರೂಮಿಗೆ ಬ್ಯಾರೆ ಲೈನು. ಹಾಡಿನ ಮಷಿನ್ ಮೆಟ್ಟಲ ಬುಡಕ. ಮೈಕ್ ನಿಮ್ಮ ಖುರ್ಚಿ ಮಗ್ಗಲಕ. ನೀವು ಬಟನ್ ಒತ್ತಿ ಮಾತಾಡಿದ್ರ ಹಾಡು ತಾನ ಬಂದ್ ಆಕ್ಕೈತಿ, ಮನಿ ತುಂಬ ಬರೇ ನಿಮ್ಮ ಧ್ವನಿ.”

“ಎಲ್ಲಾ ಕಡೆ ಕೇಳತೈತೇನು?”

“ಎಲ್ಲಾ ಕಡೆ ರೀ. ಯಾರಿಗಾರ ಬ್ಯಾಡಂದ್ರ ಇಲ್ಲಿ ರೆಗ್ಯುಲೇಟರ್ ಕೊಟ್ಟೀನಿ, ಫ್ಯಾನಿಂದು ಇರತೈತಲ್ಲ, ಹಂಗ. ತಿರುವಿದ್ರ ಸೌಂಡ್ ಬಂದ್.”

“ಅಡಿಗಿಮನ್ಯಾಗ ಯಾಕಪಾ ಇದು? ನಾ ಚಾ ಅಂತ ಒದರೋದು, ಇವರು ತಿರುವಿ ಬಂದ್ ಮಾಡಿ ಕುಂದ್ರೋದು. ತಗಿ ಇದನ್ನ.” ಪೆನ್ನು ಎರಡು ಸಲ ಅಡ್ಡಡ್ಡ ಓಡಿತು.

“ಮ್ಯಾಲಿಂದು ರೀ?”

“ಇರ್ಲಿ ಅದು. ಹೇಮಾ ಪೇಪರ್ ತಿದ್ದತಾಳ, ಓದತಾಳ. ಆಕಿಗೆ ತ್ರಾಸ ಆಗಬಾರದು.”

ಚಹಾದ ಥರ್ಮಾಸು ಹಿಡಿದುಕೊಂಡು ಹಿರಿಯ ಸೊಸೆ ಅಮೃತಾ ಇನ್ನೂ ಕದ ಕೂಡಿಸದ ಬಾಗಿಲಲ್ಲಿ ನಿಂತಿದ್ದಳು. ಕಾಗದದ ಮೇಲೆ ಪೆನ್ನು ಓಡಿದ ಸದ್ದು ಅಷ್ಟು ದೂರ ಕೇಳುವಂಥದ್ದಲ್ಲ, ಆದರೂ ಅವಳಿಗೆ ಕೇಳಿಸಿತು. ತನ್ನದನ್ನು ಹೊಡೆದುಹಾಕಿದ್ದು ಅಷ್ಟೇನೂ ಚುಚ್ಚಲಿಲ್ಲ. ಈ ಮನೆತನದಲ್ಲಿ ಹನ್ನೆರಡು ವರ್ಷ ಕಳೆದವಳಿಗೆ ಅದು ಹೊಸದೂ ಅಲ್ಲ. ಆದರೆ ಆ ಪೆನ್ನು ಮೇಲಿನ ಕೋಣೆಯ ಹತ್ತಿರ ಹೋಗಿ, ಒಂದು ಗಳಿಗೆ ತಡೆದು, ಏನನ್ನೂ ಮುಟ್ಟದೆ ಹಿಂದಕ್ಕೆ ಬಂದಿತಲ್ಲ, ಆ ತಡೆದ ಗಳಿಗೆ ಎದೆಯಲ್ಲಿ ಅಡ್ಡ ಸಿಕ್ಕಿಕೊಂಡಿತು. ಅವಳು ಗಂಡನ ಮುಖ ನೋಡಿದಳು. ಕಲ್ಲೇಶ ಮೊಬೈಲಿನಿಂದ ಕಣ್ಣು ತೆಗೆಯದೆ “ಹ್ಞೂಂ, ಅದೂ ಖರೇನ ಐತಿ” ಎಂದ. ಯಾವುದು ಖರೆ ಎಂದು ಅವನನ್ನು ಕೇಳಿದರೆ ಅವನಿಗೂ ಗೊತ್ತಿರುತ್ತಿರಲಿಲ್ಲ. ಅವಳು ಚಹಾ ಬಗ್ಗಿಸಿ ಕೊಟ್ಟಳು. ಮಾವ ಒಂದು ಗುಟುಕು ಕುಡಿದು, ಸಕ್ಕರೆಯ ಬಗ್ಗೆ ಏನೂ ಅನ್ನದೆ ಲೋಟ ಕೆಳಗಿಟ್ಟರು. ಅನ್ನಲಿಲ್ಲವಲ್ಲ ಎಂದು ಒಳಗೆ ಒಂದು ಸಣ್ಣ ಸಮಾಧಾನ ಎದ್ದದ್ದು ತಿಳಿದು ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಅಕ್ಕಿ ಮಿಲ್ಲಿನ ಹಿಂದಿನ ಹಳೆಯ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಮಾವನ ಧ್ವನಿ ಎಲ್ಲಿಂದ ಬರುತ್ತದೆಂದು ತಿಳಿಯದೆ ಅವಳು ಮಾಳಿಗೆಯ ಕಡೆಗೆ ನೋಡಿದ್ದಳು. ಮಿಲ್ಲಿನ ಅಂಗಳದ ಕಂಬಕ್ಕೆ ತಗಡಿನ ಲೌಡ್‌ಸ್ಪೀಕರು ಕಟ್ಟಿತ್ತು. ಕರಿಬಸಪ್ಪನವರು ಗಾದಿಯ ಮೇಲಿಂದ ಏಳದೆ, ಮೈಕಿನ ಕುತ್ತಿಗೆ ಹಿಡಿದು, ಹಮಾಲರನ್ನೂ ಲಾರಿಯವರನ್ನೂ ಭತ್ತ ಹರವುವ ಹೆಂಗಸರನ್ನೂ ಕರೆಯುತ್ತಿದ್ದರು. ಏ ಅವನ, ಏ ಇವನ, ಎಲ್ಲಿ ಸತ್ತಿರೋ. ಸ್ಪೀಕರಿನ ಬಾಯಿ ಅಂಗಳದ ಕಡೆಗಿದ್ದರೂ ಅದರ ಬೆನ್ನು ಅಡುಗೆಮನೆಯ ಕಿಟಕಿಗೆ ಹತ್ತಿತ್ತು. ಒಂದು ವಾರದೊಳಗೆ ಅವಳ ಹೆಸರೂ ಆ ಸಾಲಿನಲ್ಲಿ ಸೇರಿತು. ಅಮೃತಾ, ಚಾ ಕಳಸು. ಅಮೃತಾ, ನೀರು. ಒಂದು ಮಧ್ಯಾಹ್ನ, ಬುತ್ತಿ ಕಳಿಸಿ ಇನ್ನೂ ಕೈ ತೊಳೆದುಕೊಳ್ಳುತ್ತಿದ್ದಾಗ, ಇಡೀ ಮಿಲ್ಲಿಗೆ ಕೇಳುವಂತೆ ಆ ತಗಡು ಹೇಳಿತು: “ಅಮೃತಾ, ಸಾರಿಗೆ ಉಪ್ಪು ಹೆಚ್ಚಾಗೈತಿ. ಒಂದೀಟು ಮಜ್ಜಿಗಿ ಕಳಸು.” ಹಮಾಲರು ನಕ್ಕರು. ಆಂಧ್ರದಿಂದ ಬಂದ ಲಾರಿಯ ಡ್ರೈವರನೂ ನಕ್ಕ. ಉಪ್ಪಿಗೆ ಅವನ ಭಾಷೆಯಲ್ಲೂ ಉಪ್ಪೇ. ಮರುದಿನ ಕಾಯಿಪಲ್ಲೆ ಮಾರುವವಳು ತಕ್ಕಡಿ ಎತ್ತುತ್ತ “ಇವತ್ತ ಸಾರು ಹದಾ ಆಗೈತೇನ್ರಿ ಅಕ್ಕಾರ?” ಅಂದಳು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಕೆಡುಕು ಇಲ್ಲದ ಆ ನಗುವೇ ಇಷ್ಟು ವರ್ಷ, ಉಪ್ಪಿನ ಡಬ್ಬಿಯ ಹತ್ತಿರ ಹೋದಾಗಲೆಲ್ಲ, ಅವಳಿಂದ ಚಿಟಿಕೆಯನ್ನು ಎರಡೆರಡು ಸಲ ಅಳೆಸುತ್ತಿತ್ತು. ಅತ್ತೆ ಗುರುಲಿಂಗಮ್ಮನಿಗೆ ಕೊನೆಕೊನೆಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಡಾಕ್ಟರು ನರ ಒಣಗಿದೆ ಎಂದಿದ್ದರು. ಆದರೆ ಮಗ್ಗುಲಲ್ಲಿ ಪಿಸುಗುಟ್ಟಿದ ಮಾತಿಗೆ ಮುದುಕಿಯ ತುಟಿ ಅಲುಗಿದ್ದನ್ನು ಅಮೃತಾ ಒಂದೆರಡು ಸಲ ಕಂಡಿದ್ದಳು. ಕಂಡು, ಯಾರಿಗೂ ಹೇಳಿರಲಿಲ್ಲ.

ಆ ಹಳೆಯ ಮನೆಯಲ್ಲಿ ಕಿಟಕಿಯನ್ನಾದರೂ ಮುಚ್ಚಬಹುದಿತ್ತು. ಅಕ್ಕಿಯ ತೌಡು ಒಳಗೆ ಬರುತ್ತದೆ ಎಂಬ ನೆಪವಿತ್ತು. ಇಲ್ಲಿ, ಕನಕಗಿರಿ ರಸ್ತೆಯ ಈ ಹೊಸ ಲೇಔಟಿನಲ್ಲಿ, ಧ್ವನಿ ಗೋಡೆಯ ಒಳಗಿಂದಲೇ ಬರಲಿತ್ತು. ಸ್ಲ್ಯಾಬು ಹಾಕುವ ಮೊದಲು ಕಬ್ಬಿಣದ ಜಾಳಿಗೆಯ ಮೇಲೆ ಬಿಳಿ ಪೈಪುಗಳನ್ನು ಹಾಸಿ ಕಟ್ಟಿದ್ದನ್ನು ಅವಳು ನೋಡಿದ್ದಳು. ಹೊಟ್ಟೆಯೊಳಗಿನ ಕರುಳಿನಂತೆ ಅವು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿದ್ದವು. ಆಗ ಅವಳಿಗೆ ಖುಷಿಯೇ ಆಗಿತ್ತು. ಒಗ್ಗರಣೆ ಹಾಕುತ್ತ ಹಾಡು ಕೇಳಬಹುದು, ಯಲಬುರ್ಗಾದ ತವರಿನಲ್ಲಿ ರೇಡಿಯೋ ಕೇಳುತ್ತ ಪಿಯುಸಿಗೆ ಓದಿದ ಹಾಗೆ. ಈಗ ತಲೆಯ ಮೇಲಿನ ಸ್ಲ್ಯಾಬು ಕುತ್ತಿಗೆಯ ಮೇಲೆ ಕೂತಂತಿತ್ತು. ಅಡುಗೆಮನೆಯೂ ತಾನು ಮಲಗುವ ಕೋಣೆಯೂ ಒಂದೇ ಲೈನು. ಬೆಳಗಿನ ಐದಕ್ಕೆ ಮಾವನಿಗೆ ಬಿಸಿನೀರು ಬೇಕು. ಇನ್ನು ಅವರು ಬಾಗಿಲು ಬಡಿಯಬೇಕಾಗಿಲ್ಲ.

ಮತ್ತು ಮೇಲೆ, ಮೈದುನ ಶಾಂತಕುಮಾರನ ಕೋಣೆಯಲ್ಲಿ, ಅವನ ಹೆಂಡತಿ ಹೇಮಾವತಿ ರೆಗ್ಯುಲೇಟರನ್ನು ಎರಡು ಬೆರಳಿನಿಂದ ತಿರುವುತ್ತಾಳೆ. ಅಷ್ಟೇ. ಆ ಎರಡು ಬೆರಳು ಅಮೃತಾಳ ಕಣ್ಣಿಗೆ ಕಟ್ಟಿದಂತೆ ಕಾಣಿಸತೊಡಗಿದವು. ಉಗುರಿಗೆ ಬಣ್ಣವಿಲ್ಲ, ಬಲಗೈಯ ನಡುಬೆರಳಿನ ಮೇಲೆ ಕೆಂಪು ಇಂಕಿನ ಕಲೆ. ಆ ಕಲೆಯೂ ಒಂದು ಒಡವೆಯಂತೆ. ಡಿಗ್ರಿ ಕಾಲೇಜಿನಿಂದ ಬಂದು ಸ್ಕೂಟಿಯ ಕೀಲಿಯನ್ನು ಡೈನಿಂಗ್ ಟೇಬಲ್ಲಿನ ಮೇಲೆ ಎಸೆಯುವ ಆ ಸದ್ದು. ಮಾವನಿಗೆ ‘ಅಪ್ಪಾಜಿ’ ಅನ್ನುವುದು, ಮಾವ ಆ ಕರೆಗೆ ಮೀಸೆಯಲ್ಲೇ ಅರಳುವುದು. ಅಮೃತಾ ಮೊದಲ ವರ್ಷ ಒಮ್ಮೆ ಅಪ್ಪಾಜಿ ಎಂದು ನೋಡಿದ್ದಳು; “ನಾ ಏನ್ ನಿಮ್ಮಪ್ಪ ವಿರೂಪಾಕ್ಷಪ್ಪ ಆಗೀನೇನು? ಮಾವಾರ ಅನ್ನು” ಎಂದಿದ್ದರು, ನಕ್ಕೇ ಎಂದಿದ್ದರು. ಹೇಮಾವತಿ ಕೆಟ್ಟವಳಾಗಿದ್ದರೆ ಎಷ್ಟು ಸಲೀಸಿತ್ತು. ಅವಳು ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತುತ್ತಾಳೆ, ಕೊಪ್ಪಳಕ್ಕೆ ಮೀಟಿಂಗಿಗೆ ಹೋದರೆ ಸೀರೆಗೆ ಹೊಂದುವ ಬಳೆ ತರುತ್ತಾಳೆ, ಮತ್ತು ಒಂಬತ್ತಕ್ಕೆ ಮನೆ ಬಿಡುತ್ತಾಳೆ. ತಂದ ಬಳೆ ಹಾಕಿಕೊಂಡ ಕೈಯಲ್ಲಿ ಅಮೃತಾ ರೊಟ್ಟಿ ಬಡಿಯುತ್ತಾಳೆ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ದಣಿವಿನ ಕೆಲಸ. ಒಲೆಗೆ ಹಾಕಲು ಸೌದೆ ಇಲ್ಲದಿದ್ದರೂ ಉರಿಯನ್ನು ಕಾಯಬೇಕು.

ಅಂದು ಶುಕ್ರವಾರ. ನಾಳೆಯಿಂದ ಗಿಲಾವು. ಹಾಗಾಗಿ ವಾಹೀದ ಮುಂಜಾನೆಯೇ ಚಾಕ್‌ಪೀಸ್ ಹಿಡಿದು ಎಲ್ಲ ಕೋಣೆ ಸುತ್ತಿ, ಇಟ್ಟಿಗೆಯ ಗೋಡೆಗಳ ಮೇಲೆ ಎಲ್ಲೆಲ್ಲಿ ಕೊರೆದು ಡಬ್ಬಿ ಕೂಡಿಸಬೇಕೋ ಅಲ್ಲೆಲ್ಲ ಚೌಕ ಬರೆದಿದ್ದ. ಸ್ವಿಚ್ಚಿಗೆ ಬರಿ ಚೌಕ, ರೆಗ್ಯುಲೇಟರಿಗೆ ಚೌಕದೊಳಗೆ ಒಂದು ಸುನ್ನೆ. ಗೋಡೆ ಕೊರೆಯುವವನಿಗೆ ಅಕ್ಷರ ಬರುತ್ತಿರಲಿಲ್ಲ, ಗುರುತು ಕಂಡಲ್ಲಿ ಕೊರೆಯುವುದಷ್ಟೇ ಅವನ ಕೆಲಸ. ಅಡುಗೆಮನೆಯ ಸುನ್ನೆಯನ್ನು ವಾಹೀದ ಒರೆಸಿದ ಮೇಲೆ, ನಮಾಜಿನ ಹೊತ್ತಾಯಿತೆಂದು ಇಬ್ಬರೂ ಹೋದರು. ಗಂಡ, ಮಾವ ಊಟಕ್ಕೆಂದು ಕಾರು ಹತ್ತಿದರು. ಅಮೃತಾ ಲೋಟ ತೊಳೆದು ಬರುತ್ತೇನೆಂದು ಹಿಂದೆ ಉಳಿದಳು. ಲೋಟ ತೊಳೆಯುವುದಕ್ಕೇ ಉಳಿದಳೆಂದು ಅವಳು ನಂಬಿದ್ದಳು.

ಹೊರಗೆ ಹಸೀನಾಬೇಗಂ ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು. ಮಿಲ್ಲಿನ ಅಂಗಳದಲ್ಲಿ ಇಪ್ಪತ್ತು ವರ್ಷ ಭತ್ತ ಹರವಿದ ಹೆಂಗಸನ್ನು ಸೊಂಟ ಹಿಡಿದ ಮೇಲೆ ಈ ಕೆಲಸಕ್ಕೆ ಹಾಕಿದ್ದರು. ಹೊಸ ಕಟ್ಟಡ ದಿನಕ್ಕೆರಡು ಸಲ ನೀರು ಕುಡಿಯಬೇಕು.

“ಇಲ್ಲೂ ಮೈಕ್ ಕೂಡಸ್ತಾರಂತಲ್ರಿ ಅಕ್ಕಾರ?” ಎಂದಳು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಬೀಸಣಿಗೆಯಂತೆ ಹರಡುತ್ತ.

“ಹೂಂ. ಮನಿ ತುಂಬ.”

“ಯಾ ಅಲ್ಲಾ! ನನ್ನ ಗಂಡ ನಿಕಾ ಆದಾಗಿಂದ ನನ್ನ ಹೆಸರ ಹಿಡದು ಹತ್ತು ಸಲ ಕರದಿಲ್ಲ. ನಿಮ್ಮ ಮಾವಾರು ದಿನಾ ಐವತ್ತು ಸಲ ಕರದಾರ ನೋಡ್ರಿ. ಮ್ಯಾಲೆ ಹೋದ್ರ, ದೇವರು ಕರದಾಗ ನಾ ‘ಬಂದೆ ರೀ ಸಾವ್ಕಾರ್ರ’ ಅಂದಬಿಡ್ತೀನೇನೋ.” ನಕ್ಕು ಕೆಮ್ಮಿದಳು. ತೌಡು ಹೊಕ್ಕ ಎದೆಯ ಕೆಮ್ಮು, ಬೇಗ ನಿಲ್ಲಲಿಲ್ಲ.

“ನೀ ಕುಂದರು ಒಂದೀಟು. ಪೈಪ್ ಕೊಡಿಲ್ಲೆ, ನಾ ಹೊಡೀತೀನಿ.”

“ಅಯ್ಯ, ನೀವ್ಯಾಕ್ರಿ?”

“ಕೊಡ ಅಂದ್ರ.”

ಪೈಪು ಎಳೆದುಕೊಂಡು ಮೆಟ್ಟಿಲು ಹತ್ತುವಾಗ ಅದು ಹಿಂದಿನಿಂದ ಭಾರವಾಗಿ ಹರಿದು ಬರುತ್ತಿತ್ತು. ಮೇಲಿನ ಕೋಣೆ ದೊಡ್ಡದಿತ್ತು, ಎರಡು ಕಿಟಕಿ, ಒಂದರಿಂದ ಭತ್ತದ ಗದ್ದೆಗಳು ಕಾಣುತ್ತಿದ್ದವು. ಚೌಕವೂ ಸುನ್ನೆಯೂ ಮಂಚ ಬರುವ ಕಡೆ, ಮಲಗಿದಲ್ಲಿಂದಲೇ ಕೈಗೆ ಸಿಗುವಷ್ಟು ಎತ್ತರದಲ್ಲಿದ್ದವು. ಇದನ್ನೂ ಯೋಚಿಸಿ ಬರೆದಿದ್ದಾರೆ, ಏಳಬೇಕಾಗಿಯೂ ಇಲ್ಲ, ಎಂದುಕೊಂಡಳು. ಗೋಡೆಗೆ ನೀರು ಹೊಡೆಯುವುದು ತಪ್ಪೇನಲ್ಲ. ಗೋಡೆ ಗಟ್ಟಿಯಾಗುತ್ತದೆ. ಅವಳು ಮೊದಲು ಎದುರಿನ ಗೋಡೆಗೆ ಹೊಡೆದಳು, ಆಮೇಲೆ ಕಿಟಕಿಯ ಕೆಳಗೆ, ಕೆಲಸ ಮಾಡುವವರು ಮಾಡುವ ಹಾಗೆ ಸಾಲಾಗಿ. ಆ ಗೋಡೆಗೆ ಬಂದಾಗ ಹೆಬ್ಬೆರಳು ತಾನಾಗಿಯೇ ಗಟ್ಟಿಯಾಗಿ ಒತ್ತಿತು. ಸುಣ್ಣದ ಗೆರೆ ಒಮ್ಮೆಗೇ ಹೋಗಲಿಲ್ಲ. ಸುನ್ನೆ ಕರಗಿ ಹಾಲಿನಂತೆ ಇಳಿಯಿತು, ಚೌಕದ ಒಂದು ಬದಿ ಇನ್ನೂ ಉಳಿದಿತ್ತು. ಅವಳು ಸೆರಗಿನಿಂದ ಅದನ್ನು ಒರೆಸಿದಳು. ಆ ಒರೆಸಿದ್ದಕ್ಕೆ ಯಾವ ನೆಪವೂ ಇರಲಿಲ್ಲ. ಸುಖವಾಯಿತು. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು ಬಿಟ್ಟಾಗ ಆಗುವಂಥ, ಹೇಳಿಕೊಳ್ಳಲಾಗದ ಸಣ್ಣ ಸುಖ. ತಿರುಗಿದರೆ ಹಸೀನಾಬೇಗಂ ಕೋಣೆಯ ಬಾಗಿಲಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ನೀರು ಭಾಳ ಆದ್ರ ಕೆಳಗ ಸೋರತೈತ್ರಿ ಅಕ್ಕಾರ” ಎಂದು ಪೈಪನ್ನು ಕೈಯಿಂದ ತೆಗೆದುಕೊಂಡಳು.

ಹೊಸ ಮನೆಯಲ್ಲಿ ಮಧ್ಯಾಹ್ನವೆಲ್ಲ ಗೋಡೆ ಕೊರೆಯುವ ಕಟರಿನ ಸದ್ದು, ಕೆಂಪು ಧೂಳು. ಆಟೋ ಹಿಡಿದು ಹಳೆಯ ಮನೆಗೆ ಮರಳಿ ಅಕ್ಕಿ ಆರಿಸುತ್ತ ಕೂತ ಅಮೃತಾಳಿಗೆ ಅಷ್ಟು ದೂರದ ಆ ಸದ್ದು ಕೇಳುವಂತಿರಲಿಲ್ಲ, ಆದರೂ ಹಲ್ಲು ಜುಮ್ಮೆನ್ನುತ್ತಿತ್ತು. ಸೆರಗಿನ ತುದಿಯಲ್ಲಿ ಸುಣ್ಣ ಒಣಗಿ ಬೆಳ್ಳಗಾಗಿತ್ತು. ಒಗೆಯಬಹುದಿತ್ತು. ಒಗೆಯಲಿಲ್ಲ, ಒಳಮಡಿಕೆಗೆ ಸಿಕ್ಕಿಸಿದಳು. ಸಂಜೆ ಮತ್ತೆ ಥರ್ಮಾಸು ತುಂಬಿಸಿಕೊಂಡು ಗಂಡನ ಸ್ಕೂಟರಿನ ಹಿಂದೆ ಕೂತು ಹೊರಟಾಗ, ಇವತ್ತು ಹೋಗದಿದ್ದರೆ ಏನಾದೀತು ಎಂದು ಅನ್ನಿಸಿತು. ಹೋಗದಿದ್ದರೆ ಚಹಾ ಯಾರು ಒಯ್ಯುತ್ತಾರೆ ಎಂಬುದೇ ಅದಕ್ಕೆ ಉತ್ತರವಾಯಿತು.

ವಾಹೀದ ಲೈನು ನೋಡುವುದಕ್ಕೆಂದು ಮದುವೆಗಳಿಗೆ ಬಾಡಿಗೆ ಕೊಡುವ ತನ್ನ ಹಳೆಯ ಮಷಿನ್ನನ್ನೇ ತಂದಿದ್ದ. ಪ್ರತಿ ಕೋಣೆಯಲ್ಲೂ ಸೂರಿನಿಂದ ಜೋತ ವೈರಿನ ತುದಿಗೆ ಒಂದೊಂದು ಸ್ಪೀಕರು ತಾತ್ಕಾಲಿಕವಾಗಿ ನೇತುಬಿದ್ದಿತ್ತು. “ಹಲೋ, ಒನ್, ಟೂ, ತ್ರೀ” ಎಂದ. ಹಸಿ ಗೋಡೆಗಳ ಮನೆ ಅವನ ಹಲೋವನ್ನು ಎಂಟು ಕಡೆಯಿಂದ ಹಿಂದಕ್ಕೆ ಕೊಟ್ಟಿತು. ಕರಿಬಸಪ್ಪನವರು ಪ್ಲಾಸ್ಟಿಕ್ ಖುರ್ಚಿಯ ಮೇಲೆ, ಮುಂದೆ ಅವರ ದೊಡ್ಡ ಖುರ್ಚಿ ಬರುವ ಜಾಗದಲ್ಲೇ ಕೂತು ತಲೆದೂಗಿದರು. ಕಾಲೇಜಿನಿಂದ ನೇರ ಬಂದ ಹೇಮಾವತಿ ಹೆಗಲಿನ ಚೀಲವನ್ನೂ ಇಳಿಸದೆ ಮೆಟ್ಟಿಲು ಹತ್ತಿದಳು. ಹಿಂದೆಯೇ ವಾಹೀದ ಹೋದ. ಮೇಲಿನಿಂದ ಅವನ ದನಿ ಬಂತು.

“ಇಲ್ಲಿ ಡಬ್ಬಿ ಯಾಕ ಕೂಡಿಸಿಲ್ಲ? ನಾ ಗುರ್ತ ಹಾಕಿದ್ದೆನಲ್ಲ!” ಅವನು ಕಟಕಟೆಯಿಲ್ಲದ ಮೆಟ್ಟಿಲ ತುದಿಗೆ ಬಂದು ಕೆಳಗೆ ಬಗ್ಗಿದ. “ಹಸೀನಾ ಖಾಲಾ, ಮ್ಯಾಲಿನ ರೂಮಿಗೆ ನೀರು ಹೊಡದೇನ ನೀ? ಗುರ್ತೆಲ್ಲಾ ತೊಳದು ಹೋಗೈತಿ.”

ಅಮೃತಾ ಲೋಟಗಳನ್ನು ಜೋಡಿಸುತ್ತಿದ್ದಳು. ಒಂದು ಲೋಟದ ಮೇಲೆ ಇನ್ನೊಂದು ಕೂರಲಿಲ್ಲ.

“ಹೂನಪಾ, ನಾನ ಹೊಡದೀನಿ” ಎಂದಳು ಹಸೀನಾಬೇಗಂ, ಅಮೃತಾಳ ಕಡೆಗೆ ನೋಡದೆ. “ನೀರು ಹೊಡಿಯೋದಕ್ಕ ನನ್ನ ಇಟ್ಟಾರ, ಗುರ್ತ ಕಾಯಾಕ ಇಟ್ಟಿಲ್ಲ.”

“ಕಣ್ಣು ಎಲ್ಲಿ ಇಟ್ಟಿದ್ದಿ? ಮಿಲ್ಲಿನ್ಯಾಗೂ ಹಿಂಗ, ಇಲ್ಲೂ ಹಿಂಗ” ಎಂದು ಕರಿಬಸಪ್ಪನವರು ಗದರಿದರು. ಕೈಯಲ್ಲಿ ಮೈಕಿತ್ತು. ಬಟನ್ ಒತ್ತಿ ಅದನ್ನೇ ಇನ್ನೊಮ್ಮೆ ಅಂದರು, ನೋಡೋಣ ಹೇಗೆ ಕೇಳುತ್ತದೆ ಎಂಬಂತೆ. ಕಣ್ಣು ಎಲ್ಲಿ ಇಟ್ಟಿದ್ದಿ ಹಸೀನಾ ಎಂದು ದೇವರ ಮನೆ ಕೇಳಿತು, ಅಡುಗೆಮನೆ ಕೇಳಿತು, ಅಮೃತಾ ಮಲಗಬೇಕಾದ ಕೋಣೆ ಕೇಳಿತು. ಕಲ್ಲೇಶ ನಕ್ಕ. ಹಸೀನಾಬೇಗಂ ಪೈಪನ್ನು ಸುತ್ತತೊಡಗಿದಳು. ಅವಳು ಸುತ್ತುವ ರೀತಿಯಲ್ಲಿ ಯಾವ ಬೇಸರವೂ ಕಾಣಲಿಲ್ಲ, ಅದನ್ನು ನೋಡಲಾಗದೆ ಅಮೃತಾ ನೆಲ ನೋಡಿದಳು. ನಾನು ಎಂದು ಅನ್ನಬೇಕಿತ್ತು. ಒಂದೇ ಮಾತು. ಅವಳು ಲೋಟಗಳನ್ನು ಮತ್ತೊಮ್ಮೆ ಎಣಿಸಿದಳು.

“ಈಗ ಕೊರದು ಕೂಡಸ್ತೀನಿ ರೀ ಸಾವ್ಕಾರ್ರ. ಅರ್ಧಾ ತಾಸಿನ ಕೆಲಸ” ಎಂದ ವಾಹೀದ.

“ಇರ್ಲಿ ಬಿಡು. ಹೋಗಿದ್ದು ಛಲೋನ ಆತು. ಎಲ್ಲಾರಿಗೂ ಒಂದ ನ್ಯಾಯ” ಎಂದರು ಕರಿಬಸಪ್ಪನವರು, ಮನೆ ತುಂಬಿದ ತಮ್ಮ ಧ್ವನಿಯ ಖುಷಿ ಇನ್ನೂ ಆರದೆ.

ಹೇಮಾವತಿ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡಳು. ಈಗ ಅವಳ ಮುಖ ಕುಂದಬೇಕು. ಅಮೃತಾ ಅದಕ್ಕಾಗಿ ಇಡೀ ಮಧ್ಯಾಹ್ನ ಕಾದಿದ್ದಳು, ಕಾದಿದ್ದೇನೆಂದು ಈಗಷ್ಟೇ ಅವಳಿಗೆ ಗೊತ್ತಾಯಿತು. ಹೇಮಾವತಿ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು, ಅಷ್ಟೇ. “ಹೋಗ್ಲಿ ಬಿಡ್ರಿ ಅಪ್ಪಾಜಿ. ನಾ ಹೆಂಗೂ ದಿನಾ ಕಾಲೇಜಿನ್ಯಾಗ ಇರತೀನಿ. ರಾತ್ರಿ ನೀವು ಒಂಬತ್ತಕ್ಕ ಮಲಗತೀರಿ. ನನಗೇನ್ ಆಗೋದೈತಿ? ಕಷ್ಟ ಇದ್ರ ಅಕ್ಕಗ” ಎಂದು, ಕೆಳಗೆ ನೋಡಿ, “ಹೌದಿಲ್ಲೋ ಅಕ್ಕಾ?” ಎಂದು ನಕ್ಕಳು.

ಅಮೃತಾ ಥರ್ಮಾಸಿನ ಮುಚ್ಚಳವನ್ನು ತಿರುವಿ ಬಿಗಿ ಮಾಡಿದಳು. ಕಸಿದುಕೊಂಡರೂ ಕಳೆದುಕೊಳ್ಳದ ಹೆಂಗಸು. ಅವಳ ಗೋಡೆಯ ಗುರುತನ್ನು ಒರೆಸಬಹುದು, ಆ ಸ್ಕೂಟಿಯನ್ನು ಒರೆಸಲಾಗುತ್ತದೆಯೇ? ಮುಂಜಾನೆ ಒಂಬತ್ತನ್ನು ಒರೆಸಲಾಗುತ್ತದೆಯೇ? ಈ ಮನೆಗೆ ಗಿಲಾವು ಆಗಿ, ಬಣ್ಣ ಆಗಿ, ಗೃಹಪ್ರವೇಶದ ಊಟ ಮುಗಿದ ಮೇಲೆ, ಗೋಡೆಯೊಳಗಿನ ಆ ಧ್ವನಿಯ ಜೊತೆ ಹಗಲಿಡೀ ಉಳಿಯುವವಳು ತಾನೊಬ್ಬಳೇ. ತಾನು ನೀರು ಹೊಡೆದು ತೊಳೆದದ್ದು ಯಾರದು? ಎಂಟು ಕಡೆ ಜೋತುಬಿದ್ದ ಸ್ಪೀಕರುಗಳು ಏನೂ ಇಲ್ಲದಾಗಲೂ ಸಣ್ಣಗೆ ಗುಂಯ್‌ಗುಡುತ್ತಿದ್ದವು.

“ಅಮೃತಾ, ಬಾ ಇಲ್ಲೆ.”

ಅವಳು ಹೋದಳು. ಕರಿಬಸಪ್ಪನವರು ಪ್ರಸನ್ನರಾಗಿದ್ದರು. ಇಷ್ಟು ವರ್ಷದಲ್ಲಿ ಅವರು ಅವಳನ್ನು ಹಾಗೆ ನೋಡಿದ್ದು ಕಡಿಮೆ. ಮೈಕನ್ನು ಅವಳ ಕಡೆಗೆ ಚಾಚಿದರು. “ಹಿಡಿ. ನೀ ಮನಿಗೆ ದೊಡ್ಡ ಸೊಸಿ. ನಾ ಮಿಲ್ಲಿಗೆ ಹೋದ ಮ್ಯಾಲೆ ಇದು ನಿನ್ನ ಕೈಯಾಗ. ಆಳು ಇರ್ಲಿ, ಮಂದಿ ಇರ್ಲಿ, ಯಾರನ್ನ ಕರೀಬೇಕಂದ್ರೂ ನೀನ ಕರೀಬೇಕು. ತಿಳೀತಿಲ್ಲೋ? ಈಗ ಮದಲ ಆಕಿನ್ನ ಕರಿ. ಹೇಮಾ, ಕೆಳಗ ಬಂದು ಎಲ್ಲಾರಿಗೂ ಚಾ ಹಾಕು ಅನ್ನು. ನೀ ಅಂದ್ರ ಕೇಳಬೇಕು ಆಕಿ.”

ಮೈಕು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು, ಮಾವನ ಕೈಯ ಬೆವರಿನಿಂದ ಬೆಚ್ಚಗಿತ್ತು. ಹೆಬ್ಬೆರಳು ಬಟನ್ ಮೇಲೆ ಕೂತಿತು. ಒತ್ತಿದಳು. ಮೊದಲು ಹೊರಟದ್ದು ಅವಳ ಉಸಿರು. ಅದು ದೇವರ ಮನೆಯಲ್ಲಿ ಉಸಿರಾಡಿತು, ಅಡುಗೆಮನೆಯಲ್ಲಿ ಉಸಿರಾಡಿತು, ಮೇಲೆ ಗದ್ದೆ ಕಾಣುವ ಆ ಕೋಣೆಯಲ್ಲಿ ಯಾರೋ ದೊಡ್ಡ ಪ್ರಾಣಿ ಎದ್ದು ಕೂತಂತೆ ಉಸಿರಾಡಿತು. ಹೇಮಾವತಿಯ ನಗು ನಿಂತಿತು. ಹಸೀನಾಬೇಗಂ ಪೈಪು ಸುತ್ತುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು, ಬೆಲ್ಲದ ಚೂರಿನಂತೆ ಕರಗತೊಡಗಿತ್ತು. ಈ ಮಾತನ್ನು ಅನ್ನಬೇಕೆಂದು ಅವಳಿಗೆ ಎಷ್ಟು ದಿನದಿಂದ ಆಸೆಯಿತ್ತು! ಅನ್ನಲು ಬಾಯಿ ತೆರೆದಾಗ, ಹೆಸರಿಗಿಂತ ಮುಂಚೆ ಒಂದು ‘ಏ’ ತಾನಾಗಿಯೇ ಗಂಟಲಿಗೆ ಬಂದು ನಿಂತಿದ್ದು ತಿಳಿಯಿತು. ಅವಳ ಜನ್ಮದಲ್ಲಿ ಅವಳು ಯಾರನ್ನೂ ಏ ಎಂದು ಕರೆದವಳಲ್ಲ. ಅದು ಎಲ್ಲಿಯದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅದನ್ನು ನುಂಗಿದಳು. ನುಂಗಿದ ಸದ್ದೂ ಮನೆ ತುಂಬ ಕೇಳಿತು.

“ಕರಿ” ಎಂದರು ಕರಿಬಸಪ್ಪನವರು.

“ಒಲ್ಲೆ ರೀ.”

ಮಾತು ಎಂಟು ಕಡೆಯಿಂದ ಬಂತು. ಕಲ್ಲೇಶ ಮೊಬೈಲಿನಿಂದ ಕಣ್ಣು ತೆಗೆದ.

“ಏನಂದಿ?”

“ಕರ್ಯಾಂಗಿಲ್ಲ ಅಂದೆ ರೀ ಮಾವಾರ.”

“ಹುಚ್ಚಿ, ಎಲ್ಲಾರಿಗೂ ಕೇಳಾಕತ್ತೈತಿ. ಬಟನ್ ಬಿಡು ಮದಲ.”

ಅಮೃತಾ ಬಟನ್ ಬಿಡಲಿಲ್ಲ. “ಬಿಡಂಗಿಲ್ರಿ” ಎಂದಳು.